ಚುನಾವಣೆ ಹೊತ್ತಲ್ಲಿ ನಮ್ಮಂಥ ಸಂಸ್ಥೆ ಎಷ್ಟು ಬಾಯಿ ಬಿಡಬಹುದು? (ಸಿ-3, ಸಿ-4, ಐಆರ್‌ಎಸ್)

ಹೊಳೆಸಾಲು:
ನಮಸ್ಕಾರ. ಅಮೆರಿಕದ ತೆರಿಗೆ ಕಾನೂನು ಬಲ್ಲವರು ಇಲ್ಲಿ ಇದ್ದಾರೆ ಅಂತ ಗೊತ್ತಿರೋದ್ರಿಂದ ಕೇಳ್ತಿದೀನಿ. ಓಹಾಯೋದಲ್ಲಿ ಒಂದು ಸಣ್ಣ ನದಿ ಸಂರಕ್ಷಣಾ ಸಂಸ್ಥೆಯ ಬೋರ್ಡಿನಲ್ಲಿದ್ದೇನೆ. 501(ಸಿ)(3) ಮಾನ್ಯತೆ ಇದೆ (ಸಿ-3 ಅಂದ್ರೆ ತೆರಿಗೆ ವಿನಾಯಿತಿ ಇರೋ ದತ್ತಿ ಸಂಸ್ಥೆ, ದೇಣಿಗೆ ಕೊಟ್ಟವರಿಗೂ ತೆರಿಗೆ ಕಡಿತ), ವರ್ಷದ ಖರ್ಚು ಮೂರು ಲಕ್ಷ ಡಾಲರ್ ಆಸುಪಾಸು. ಸಂಬಳ ತಗೊಳ್ಳೋರು ಕೆಲವರು, ಉಳಿದವರೆಲ್ಲ ನನ್ನ ಹಾಗೆ ಬಿಟ್ಟಿ ದುಡಿಯೋರು.

ಕೌಂಟಿ ಕಮಿಷನರ್ ಚುನಾವಣೆ ಬರ್ತಿದೆ. ಹೊಳೆಗೆ ಕೊಳಚೆ ಬಿಡೋ ವಿಷಯದಲ್ಲಿ ಹಾಲಿ ಕಮಿಷನರ್‌ಗಳು ಹೇಗೆ ಮತ ಹಾಕಿದ್ರು ಅಂತ ಒಂದು ಪಟ್ಟಿ ಮಾಡಿ, ಹೆಸರಿನ ಪಕ್ಕ ಹಸಿರು ಅಥವಾ ಕೆಂಪು ಚುಕ್ಕೆ ಇಟ್ಟು, ಅಕ್ಟೋಬರ್‌ನಲ್ಲಿ ಮನೆಮನೆಗೆ ಹಂಚೋಣ ಅಂತ ಒಬ್ಬರ ಪ್ರಸ್ತಾಪ. ಇನ್ನೊಬ್ಬರು "ಚುನಾವಣೆ ಮುಗಿಯೋವರೆಗೂ ತುಟಿ ಎರಡು ಮಾಡಬೇಡಿ, ಐಆರ್‌ಎಸ್ (ಫೆಡರಲ್ ತೆರಿಗೆ ಇಲಾಖೆ) ಬಾಗಿಲು ಬಡಿಯುತ್ತೆ" ಅಂತಾರೆ. ಮೂರನೆಯವರು "ಒಂದು ಸಿ-4 (ಸಮಾಜ ಕಲ್ಯಾಣ ಸಂಸ್ಥೆ ಅನ್ನೋ ಇನ್ನೊಂದು ಬಗೆ) ಶುರು ಮಾಡಿದ್ರೆ ಆಯ್ತಪ್ಪ" ಅಂದು ಕಾಫಿ ತರೋಕೆ ಹೋದ್ರು. ಯಾರ ಮಾತು ಹಿಡಿಯೋದು?

ಲೆಕ್ಕಪತ್ರ:
ಸಿ-3, ಸಿ-4 ಎರಡರ ಲೆಕ್ಕವನ್ನೂ ದಿನಾ ನೋಡೋ ಕೆಲಸ ನನ್ನದು. ನಿಮ್ಮ ಬೋರ್ಡು ಎರಡು ಬೇರೆ ಬೇರೆ ವಿಷಯಗಳನ್ನ ಕಲಸಿಕೊಂಡಿದೆ. ಒಂದು, ಅಭ್ಯರ್ಥಿಯ ಪರ ಅಥವಾ ವಿರುದ್ಧ ಕೆಲಸ ಮಾಡೋದು. ಇನ್ನೊಂದು, ಮಸೂದೆ ಅಥವಾ ಸ್ಥಳೀಯ ಕಾಯ್ದೆ ಬಗ್ಗೆ ಲಾಬಿ ಮಾಡೋದು.

ಮೊದಲನೆಯದು ಸಿ-3ಗೆ ಪೂರ್ತಿ ನಿಷಿದ್ಧ. ಶೇಕಡಾವಾರು ಲೆಕ್ಕವೇ ಇಲ್ಲ, ಸೊನ್ನೆ ಅಂದ್ರೆ ಸೊನ್ನೆ. 1954ರಲ್ಲಿ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್ ಸೇರಿಸಿದ ಸಾಲು ಅದು, ಅದಕ್ಕೇ ಜಾನ್ಸನ್ ತಿದ್ದುಪಡಿ ಅನ್ನೋದು. "ವಿರುದ್ಧ" ಅನ್ನೋದನ್ನ 1987ರಲ್ಲಿ ಬಿಡಿಸಿ ಬರೆದರು. ಮೀರಿದ್ರೆ ಮಾನ್ಯತೆ ಹೋಗಬಹುದು, ಖರ್ಚು ಮಾಡಿದ ಹಣದ ಮೇಲೆ ಶೇ. 10 ದಂಡತೆರಿಗೆ ಬೀಳಬಹುದು, ಸರಿಪಡಿಸದಿದ್ರೆ ಅದು ಶೇ. 100ಕ್ಕೆ ಏರುತ್ತೆ.

ಲಾಬಿ ಹಾಗಲ್ಲ. ಅದಕ್ಕೆ ಅವಕಾಶ ಇದೆ, "ಗಣನೀಯ ಭಾಗ" ಆಗಬಾರದು ಅಷ್ಟೇ. ಗಣನೀಯ ಅಂದ್ರೆ ಎಷ್ಟು ಅಂತ ಕಾನೂನು ಹೇಳಲ್ಲ. ಅದಕ್ಕಾಗಿಯೇ 1976ರಲ್ಲಿ 501(ಎಚ್) ಅನ್ನೋ ಆಯ್ಕೆ ತಂದರು. 5768 ಅನ್ನೋ ಚಿಕ್ಕ ಫಾರಂ ತುಂಬಿ ಕಳಿಸಿದ್ರೆ ಅಂಕಿ ಸ್ಪಷ್ಟ: ಮೊದಲ ಐದು ಲಕ್ಷ ಡಾಲರ್ ಖರ್ಚಿಗೆ ಶೇ. 20, ಮುಂದಿನ ಐದು ಲಕ್ಷಕ್ಕೆ ಶೇ. 15, ಹೀಗೆ ಇಳೀತಾ ಹೋಗಿ, ಗರಿಷ್ಠ ಹತ್ತು ಲಕ್ಷ ಡಾಲರ್. ನಿಮ್ಮ ಮೂರು ಲಕ್ಷಕ್ಕೆ ಲಾಬಿ ಮಿತಿ 60,000. ಅದರಲ್ಲಿ ಕಾಲುಭಾಗ, ಅಂದ್ರೆ 15,000 ಡಾಲರ್, ಸಾರ್ವಜನಿಕರಿಗೆ "ನಿಮ್ಮ ಪ್ರತಿನಿಧಿಗೆ ಫೋನ್ ಮಾಡಿ" ಅನ್ನೋ ಥರದ ಪ್ರಚಾರಕ್ಕೆ. ಇದು ಹಣದ ಲೆಕ್ಕ ಮಾತ್ರ, ಸಂಬಳ ಇಲ್ಲದೆ ದುಡಿಯೋರ ಗಂಟೆಗಳನ್ನ ಎಣಿಸೋ ಹಾಗಿಲ್ಲ. ಇಷ್ಟು ಸಲೀಸಾದ ಅನುಕೂಲ ಇದ್ರೂ ಎಷ್ಟೋ ಸಣ್ಣ ಸಂಸ್ಥೆಗಳು ಈ ಫಾರಂ ಹೆಸರೇ ಕೇಳಿಲ್ಲ. ಚರ್ಚುಗಳಿಗೆ ಈ ಆಯ್ಕೆ ಇಲ್ಲ.

ಹೊಳೆಸಾಲು:
60,000! ನಾವು ವರ್ಷಕ್ಕೆ ಎರಡು ಸಾವಿರ ಖರ್ಚು ಮಾಡೋಕೂ ಹೆದರ್ತಿದ್ವಿ. ಸರಿ, ಹಸಿರು-ಕೆಂಪು ಚುಕ್ಕೆ ಪಟ್ಟಿ? ಅದರಲ್ಲಿ "ಇವರಿಗೆ ಮತ ಹಾಕಿ" ಅಂತ ಎಲ್ಲೂ ಇರಲ್ಲ, ನಡೆದ ಮತದಾನದ ದಾಖಲೆ ಮಾತ್ರ.

ಕಾನೂನುಕಣ್ಣು:
ಅದನ್ನ ಮುದ್ರಣಕ್ಕೆ ಕಳಿಸಬೇಡಿ, ದಯವಿಟ್ಟು. 1978ರ ಐಆರ್‌ಎಸ್ ರೂಲಿಂಗ್ (ಕಾನೂನನ್ನ ಹೇಗೆ ಅನ್ವಯಿಸ್ತೀವಿ ಅಂತ ಇಲಾಖೆ ಕೊಡೋ ವಿವರಣೆ) ಒಂದಿದೆ, ಸಂಖ್ಯೆ 78-248. ಅದರಲ್ಲಿ ನಾಲ್ಕು ಸನ್ನಿವೇಶ ಕೊಟ್ಟಿದ್ದಾರೆ. ನಾಲ್ಕನೆಯದು ನಿಮ್ಮನ್ನ ನೋಡಿಯೇ ಬರೆದ ಹಾಗಿದೆ: ಭೂಸಂರಕ್ಷಣೆ ಕಾಳಜಿಯ ಒಂದು ಸಂಸ್ಥೆ, ಚುನಾವಣೆ ಹೊತ್ತಲ್ಲಿ, ಹಾಲಿ ಸದಸ್ಯರು ಭೂಸಂರಕ್ಷಣೆ ವಿಷಯದಲ್ಲಿ ಹೇಗೆ ಮತ ಹಾಕಿದರು ಅಂತ ಮತದಾರರಿಗೆ ಹಂಚುತ್ತೆ. ಪರ-ವಿರೋಧ ಒಂದು ಮಾತೂ ಇಲ್ಲ. ಆದ್ರೂ ಐಆರ್‌ಎಸ್ ಅದನ್ನ ಚುನಾವಣೆಯಲ್ಲಿ ಕೈಹಾಕಿದ್ದು ಅಂತಲೇ ಹೇಳಿತು. ಕಾರಣ, ಒಂದೇ ಕಿರಿದಾದ ವಿಷಯ ಆರಿಸಿಕೊಂಡಿದ್ದು ಮತ್ತು ಚುನಾವಣೆ ಹೊತ್ತಲ್ಲಿ ಸಾರ್ವಜನಿಕರಿಗೆ ಹಂಚಿದ್ದು. ನಿಮ್ಮದರಲ್ಲಿ ಇವೆರಡರ ಜೊತೆ ಬಣ್ಣದ ಚುಕ್ಕೆ ಬೇರೆ.

ಅದೇ ರೂಲಿಂಗ್‌ನ ಎರಡನೇ ಸನ್ನಿವೇಶದಲ್ಲಿ ದಾರಿ ಇದೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನಾವಳಿ, ಹಲವು ವಿಷಯಗಳ ಮೇಲೆ (ರಸ್ತೆ, ತೆರಿಗೆ, ಶಾಲೆ, ನೀರು), ಪ್ರಶ್ನೆಯ ಧಾಟಿಯಲ್ಲಿ ವಾಲಿಕೆ ಇಲ್ಲ, ಬಂದ ಉತ್ತರ ಹಾಗೇ ಪ್ರಕಟ. ಇದು ನಡೆಯುತ್ತೆ. "ಹೊಳೆಯನ್ನ ವಿಷ ಮಾಡೋ ಕಾರ್ಖಾನೆಗಳನ್ನ ನೀವು ತಡೀತೀರಾ?" ಅಂತ ಕೇಳಿದ್ರೆ ಮೂರನೇ ಸನ್ನಿವೇಶಕ್ಕೆ ಜಾರಿದ ಹಾಗೆ, ಅದು ನಡೆಯಲ್ಲ.

ನೀರಿನ ಮತದಾನದ ಪಟ್ಟಿಯೇ ಬೇಕು ಅಂದ್ರೆ 80-282 ಅನ್ನೋ ಇನ್ನೊಂದು ರೂಲಿಂಗ್ ಓದಿ. ಚುನಾವಣೆ ನೋಡಿಕೊಂಡು ಸಮಯ ಹೊಂದಿಸದೆ, ಅಧಿವೇಶನ ಮುಗಿದ ಮೇಲೆ, ಎಲ್ಲ ಹಾಲಿ ಸದಸ್ಯರದ್ದೂ ಹಾಕಿ, ಯಾರು ಮರುಸ್ಪರ್ಧೆ ಮಾಡ್ತಿದ್ದಾರೆ ಅಂತ ಗುರುತಿಸದೆ, ನಿಮ್ಮ ಸದಸ್ಯರ ಸುದ್ದಿಪತ್ರದಲ್ಲಿ ಹಾಕಿದ್ರೆ ಅದೇ ಪಟ್ಟಿ ಸರಿಯಾಗಬಹುದು. ನಿಮ್ಮ ಮಿತ್ರರ ಕಾಗದದಲ್ಲಿ ದೊಡ್ಡ ಸಮಸ್ಯೆ ಇರೋದು ಅಕ್ಟೋಬರ್ ಮತ್ತು ಮನೆಮನೆ.

ಅಡ್ಡಗೋಡೆ:
ಎಲ್ಲ ಚೆನ್ನಾಗಿದೆ ಸ್ವಾಮಿ, ಆದ್ರೆ ಸಿಕ್ಕಿಬಿದ್ದವರು ಯಾರು? ಎಷ್ಟೋ ಚರ್ಚುಗಳಲ್ಲಿ ವೇದಿಕೆಯಿಂದಲೇ ಅಭ್ಯರ್ಥಿ ಹೆಸರು ಹೇಳ್ತಾರೆ, ವಿಡಿಯೋನೂ ಹಾಕ್ತಾರೆ. 2025ರ ಜುಲೈನಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟಿನಲ್ಲಿ ಐಆರ್‌ಎಸ್ ತಾನೇ ಎದುರು ಪಕ್ಷದ ಜೊತೆ ಸೇರಿ, ಪೂಜೆ-ಪ್ರಾರ್ಥನೆಯ ಭಾಗವಾಗಿ ಧಾರ್ಮಿಕ ಸಂಸ್ಥೆ ತನ್ನ ಸಭಿಕರಿಗೆ ಹೇಳೋ ಮಾತು ಜಾನ್ಸನ್ ತಿದ್ದುಪಡಿಗೆ ಬರಲ್ಲ ಅಂತ ಅರ್ಜಿ ಹಾಕಿತು. ಹೆದರಿ ಕೂರೋರು ಹೊಳೆ ಕಸ ಎತ್ತೋರು ಮಾತ್ರ.

ಕಾನೂನುಕಣ್ಣು:
ಆ ಅರ್ಜಿಯ ಮಾತು ಧಾರ್ಮಿಕ ಸಂಸ್ಥೆಗೆ ಸಂಬಂಧಿಸಿದ್ದು. ನದಿ ಸಂಸ್ಥೆಗೆ ಅದರಿಂದ ಕವಡೆ ಕಾಸಿನ ಪ್ರಯೋಜನ ಇಲ್ಲ.

ಚರ್ಚು ಸಿಕ್ಕಿಬಿದ್ದಿದ್ದೂ ಇದೆ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಬಳಿಯ ಒಂದು ಚರ್ಚು 1992ರ ಅಧ್ಯಕ್ಷೀಯ ಚುನಾವಣೆಗೆ ನಾಲ್ಕು ದಿನ ಮುಂಚೆ ಯುಎಸ್‌ಎ ಟುಡೇ ಮತ್ತು ವಾಷಿಂಗ್ಟನ್ ಟೈಮ್ಸ್‌ನಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟಿತು. ಕ್ರೈಸ್ತರು ಬಿಲ್ ಕ್ಲಿಂಟನ್‌ಗೆ ಮತ ಹಾಕಬಾರದು ಅನ್ನೋದು ಅದರ ತಿರುಳು. ಪುಟದ ತಳದಲ್ಲಿ ಚಿಕ್ಕ ಅಕ್ಷರದಲ್ಲಿ, ಈ ಜಾಹೀರಾತಿಗೆ ತೆರಿಗೆ ಕಡಿತವುಳ್ಳ ದೇಣಿಗೆ ಸಂತೋಷದಿಂದ ಸ್ವೀಕರಿಸ್ತೀವಿ ಅಂತ ವಿಳಾಸ ಸಮೇತ! ಕಳ್ಳ ಬಂದು ರಸೀದಿ ಕೊಟ್ಟು ಹೋದ ಹಾಗೆ. ಐಆರ್‌ಎಸ್ 1995ರಲ್ಲಿ ಮಾನ್ಯತೆ ಕಿತ್ತುಕೊಂಡಿತು, 2000ದಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟು (ಡಿ.ಸಿ. ಸರ್ಕ್ಯೂಟ್) ಅದನ್ನ ಎತ್ತಿಹಿಡಿಯಿತು. ಬ್ರಾಂಚ್ ಮಿನಿಸ್ಟ್ರೀಸ್ ಪ್ರಕರಣ ಅಂತ ಹುಡುಕಿ. ಸ್ವಾರಸ್ಯ ಏನಂದ್ರೆ, ಚರ್ಚುಗಳಿಗೆ ಅರ್ಜಿ ಹಾಕದೆಯೇ ವಿನಾಯಿತಿ ಸಿಗೋದ್ರಿಂದ ಈ ಶಿಕ್ಷೆ ಬಹುಮಟ್ಟಿಗೆ ಸಾಂಕೇತಿಕ ಅಂತ ಕೋರ್ಟೇ ಹೇಳಿತು.

ಅಡ್ಡಗೋಡೆ:
ಅಂದ್ರೆ ತಾನೇ ರಸೀದಿ ಕೊಟ್ಟವನು ಮಾತ್ರ ಸಿಕ್ಕ, ಅವನಿಗೂ ಸಾಂಕೇತಿಕ ಶಿಕ್ಷೆ. ನನ್ನ ಮಾತಿಗೆ ನೀವೇ ಸಾಕ್ಷಿ ಒದಗಿಸಿದ್ರಿ, ಥ್ಯಾಂಕ್ಸ್.

ಕಾನೂನುಕಣ್ಣು:
ಎಡಗಡೆಯವರನ್ನೂ ಹಿಡಿದಿದ್ದಾರೆ. 2004ರಲ್ಲಿ ಚುನಾವಣೆಗೆ ಎರಡು ದಿನ ಮುಂಚೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ಆಲ್ ಸೇಂಟ್ಸ್ ಚರ್ಚಿನಲ್ಲಿ ಯುದ್ಧದ ವಿರುದ್ಧ ಒಂದು ಪ್ರವಚನ ಆಯ್ತು. ಯೇಸು, ಆ ವರ್ಷದ ಅಧ್ಯಕ್ಷ ಅಭ್ಯರ್ಥಿಗಳಾದ ಬುಷ್ ಮತ್ತು ಕೆರ್ರಿ ಜೊತೆ ವಾದಿಸಿದ್ರೆ ಏನು ಹೇಳ್ತಿದ್ದ ಅನ್ನೋ ಕಲ್ಪನೆ. ಯಾರಿಗೆ ಮತ ಹಾಕಬೇಕು ಅಂತ ನಾನು ಹೇಳಲ್ಲ ಅಂತಲೂ ಪ್ರವಚನಕಾರರು ಹೇಳಿದ್ರು. ಆದ್ರೂ ಐಆರ್‌ಎಸ್ ತನಿಖೆ 2007ರವರೆಗೆ ಎಳೆಯಿತು. ಕೊನೆಗೆ "ನೀವು ನಿಯಮ ಮುರಿದಿದ್ದೀರಿ, ಆದ್ರೆ ದಂಡ ಇಲ್ಲ" ಅಂತ ಒಂದು ಪತ್ರ. ಯಾವ ವಾಕ್ಯ ತಪ್ಪು ಅಂತ ಅವರಿಗೆ ತಿಳಿಯಲೇ ಇಲ್ಲ. ವಕೀಲರ ಫೀಸು ಮಾತ್ರ ಅವರದ್ದೇ. ಸಣ್ಣ ಸಂಸ್ಥೆ ಇಂಥ ತನಿಖೆಯಲ್ಲೇ ಸುಸ್ತಾಗಿ ಮಲಗುತ್ತೆ, ತೀರ್ಪಿನವರೆಗೂ ಹೋಗೋದೇ ಇಲ್ಲ.

ಮಾಡರೇಟರ್:
ಎಳೆ ಚೆನ್ನಾಗಿ ಹೋಗ್ತಿದೆ. ಈಗ ಕಣದಲ್ಲಿರೋ ಅಭ್ಯರ್ಥಿಗಳ ಹೆಸರು ಎತ್ತಬೇಡಿ. ಎರಡು ಪ್ರತಿಕ್ರಿಯೆ ಅಳಿಸಿದ್ದೇನೆ.

ಬಯಲುದಾರಿ:
ಸಿ-4 ಬಗ್ಗೆ ಯಾರೂ ಹೇಳಲಿಲ್ಲ, ನಿಜವಾದ ಗೋಜಲು ಇರೋದು ಅಲ್ಲಿ. ಕಾನೂನಿನಲ್ಲಿ ಬರೆದಿರೋದು, ಸಂಸ್ಥೆ ಸಮಾಜ ಕಲ್ಯಾಣಕ್ಕಾಗಿ "ಮಾತ್ರ" ನಡೆಯಬೇಕು ಅಂತ. 1959ರಲ್ಲಿ ಖಜಾನೆ ಇಲಾಖೆ ನಿಯಮ ಬರೆಯುವಾಗ ಅದನ್ನ "ಮುಖ್ಯವಾಗಿ" ಅಂತ ಮಾಡಿತು. ಅಭ್ಯರ್ಥಿ ಪರ ಪ್ರಚಾರ ಸಮಾಜ ಕಲ್ಯಾಣ ಅಲ್ಲ ಅಂತಲೂ ಅದೇ ನಿಯಮ ಹೇಳುತ್ತೆ. ಎರಡನ್ನೂ ಕೂಡಿಸಿದ್ರೆ ಬರೋ ಅರ್ಥ: ಪ್ರಚಾರ ಮಾಡಬಹುದು, ಅದೇ ಮುಖ್ಯ ಕೆಲಸ ಆಗಬಾರದು. ಎಷ್ಟು? ಶೇ. 49.9 ಅಂತ ಕೆಲವು ವಕೀಲರು, 40 ದಾಟಬೇಡಿ ಅಂತ ಹುಷಾರಿನವರು. ಹಣ ಎಣಿಸಬೇಕಾ, ಗಂಟೆ ಎಣಿಸಬೇಕಾ, ಸ್ವಯಂಸೇವಕರನ್ನ ಎಣಿಸಬೇಕಾ? ಐಆರ್‌ಎಸ್ ಹೇಳೋದು "ಎಲ್ಲ ಸಂಗತಿ-ಸಂದರ್ಭ ನೋಡ್ತೀವಿ". ಅಡ್ಡಗೋಡೆ ಮೇಲೆ ದೀಪ ಇಟ್ಟ ಉತ್ತರ (ಮೇಲಿನ ಸದಸ್ಯರು ಕ್ಷಮಿಸಬೇಕು).

2010ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಸಿಟಿಜನ್ಸ್ ಯುನೈಟೆಡ್ ತೀರ್ಪು 5-4ರಲ್ಲಿ ಬಂತು. ಅಭ್ಯರ್ಥಿ ಜೊತೆ ಕೈಜೋಡಿಸದೆ ಸ್ವತಂತ್ರವಾಗಿ ಪ್ರಚಾರಕ್ಕೆ ಸುರಿಯೋ ಹಣಕ್ಕೆ ಕಂಪನಿಗಳಿಗೂ ಇಂಥ ಸಂಸ್ಥೆಗಳಿಗೂ ಅಡ್ಡಿ ಹೋಯಿತು. ಸಿ-4ಗೆ ಬೇಡಿಕೆ ಏರಿತು. ಓಹಾಯೋದ ಸಿನ್ಸಿನಾಟಿಯ ಐಆರ್‌ಎಸ್ ಕಚೇರಿಯಲ್ಲಿ ಅರ್ಜಿ ವಿಂಗಡಿಸೋರು "ಟೀ ಪಾರ್ಟಿ", "ಪೇಟ್ರಿಯಟ್ಸ್" ಅನ್ನೋ ಬಲಪಂಥದ ಹೆಸರು ಕಂಡರೆ ಬೇರೆ ರಾಶಿಗೆ ಹಾಕೋಕೆ ಶುರು ಮಾಡಿದ್ರು. 2013ರ ಮೇ ತಿಂಗಳ ಇನ್ಸ್‌ಪೆಕ್ಟರ್ ಜನರಲ್ ವರದಿ ಓದಿ: ಪರಿಶೀಲಿಸಿದ 296 ಅರ್ಜಿಗಳಲ್ಲಿ 160 ಇನ್ನೂ ತೆರೆದೇ ಇದ್ದವು, 206ರಿಂದ 1,138 ದಿನಗಳವರೆಗೆ. ಒಂದನ್ನೂ ತಿರಸ್ಕರಿಸಿರಲಿಲ್ಲ! ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಕೆಲವರಿಗೆ ದೇಣಿಗೆ ಕೊಟ್ಟವರ ಹೆಸರೆಲ್ಲ ಕೊಡಿ ಅಂತ ಪತ್ರ ಹೋಯ್ತು. "ಪ್ರೋಗ್ರೆಸಿವ್", "ಆಕ್ಯುಪೈ" ಅಂತ ಎಡಪಂಥದ ಹೆಸರಿದ್ದವರನ್ನೂ ಹೀಗೇ ಆರಿಸಿದ್ದರು ಅಂತ 2017ರ ಇನ್ನೊಂದು ವರದಿಯಲ್ಲಿ ಬಂತು, ಆಗ ಸುದ್ದಿ ಹಳಸಿಹೋಗಿತ್ತು.

ಅಡ್ಡಗೋಡೆ:
ಕ್ಷಮಿಸಿದ್ದೇನೆ. ಅಷ್ಟೆಲ್ಲ ಆದ ಮೇಲಾದ್ರೂ ಒಂದು ಅಂಕಿ ಬರೆದು ಕೊಡಬಹುದಿತ್ತಲ್ಲ?

ಬಯಲುದಾರಿ:
ಪ್ರಯತ್ನಪಟ್ಟರು. 2013ರ ನವೆಂಬರ್‌ನಲ್ಲಿ ಒಂದು ಕರಡು ನಿಯಮ ಬಂತು. ಅದರಲ್ಲಿ ಯಾರ ಪಕ್ಷವೂ ವಹಿಸದ ಮತದಾರರ ನೋಂದಣಿ, ಅಭ್ಯರ್ಥಿಗಳ ಚರ್ಚೆ ಏರ್ಪಡಿಸೋದು, ಚುನಾವಣೆಗೆ 60 ದಿನ ಒಳಗೆ ಅಭ್ಯರ್ಥಿಯ ಹೆಸರು ಎತ್ತೋ ಸಾರ್ವಜನಿಕ ಸಂದೇಶ, ಎಲ್ಲವನ್ನೂ ರಾಜಕೀಯ ಅಂತ ಸೇರಿಸಿಬಿಟ್ಟರು. 1,50,000ಕ್ಕೂ ಹೆಚ್ಚು ಪ್ರತಿಕ್ರಿಯೆ ಬಂದವು, ಬಲದವರೂ ಎಡದವರೂ ಒಂದೇ ಸ್ವರದಲ್ಲಿ ಬೈದರು. ಕರಡು ಮೂಲೆಗೆ ಬಿತ್ತು. ಆಮೇಲೆ 2015ರ ಕೊನೆಯಲ್ಲಿ ಕಾಂಗ್ರೆಸ್ ಬಜೆಟ್ ಮಸೂದೆಯಲ್ಲೇ ಒಂದು ಸಾಲು ತೂರಿಸಿ, ಈ ವಿಷಯದಲ್ಲಿ ಹೊಸ ನಿಯಮ ಬರೆಯೋಕೆ ಐಆರ್‌ಎಸ್ ಒಂದು ಡಾಲರ್ ಕೂಡ ಖರ್ಚು ಮಾಡಬಾರದು ಅಂತ ಕಟ್ಟಿಹಾಕಿತು. ಮುಂದಿನ ಬಜೆಟ್‌ಗಳಲ್ಲೂ ಆ ಸಾಲು ಮರಳಿ ಬಂತು. ಅಸ್ಪಷ್ಟತೆ ಇರೋದು ಯಾರ ಸೋಮಾರಿತನದಿಂದಲೂ ಅಲ್ಲ ಅಂತ ನನ್ನ ಅಭಿಪ್ರಾಯ. ದೊಡ್ಡ ವಕೀಲರ ದಂಡು ಇರೋರಿಗೆ ಅದು ಅನುಕೂಲ. ಶೇ. 49ರ ತನಕ ಹೋಗೋ ಧೈರ್ಯ ಅವರಿಗೆ ಇರುತ್ತೆ, ನಿಮ್ಮಂಥ ಬೋರ್ಡು ಸೊನ್ನೆಗಿಂತ ಕೆಳಗೆ ಕೂತಿರುತ್ತೆ.

ಹೊಳೆಸಾಲು:
ಹಾಗಾದ್ರೆ ನಾವೂ ಸಿ-4 ಆದ್ರೆ ಪಟ್ಟಿ, ಚುಕ್ಕೆ ಎಲ್ಲ ಸರೀನಾ?

ಲೆಕ್ಕಪತ್ರ:
ಸಿ-3 ಬಿಟ್ಟು ಸಿ-4 ಆಗೋದಲ್ಲ, ಪಕ್ಕದಲ್ಲಿ ಇನ್ನೊಂದು ಕಟ್ಟೋದು. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಸಿ-4, ಎಸಿಎಲ್‌ಯು ಫೌಂಡೇಶನ್ ಸಿ-3. ಪರಿಸರ ಸಂಸ್ಥೆ ಸಿಯೆರಾ ಕ್ಲಬ್‌ದೂ ಇದೇ ಜೋಡಿ, ಅದರ ಹಿಂದೆ ಒಂದು ಕಥೆ ಇದೆ. 1966ರ ಜೂನ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಅಣೆಕಟ್ಟು ಬೇಡ ಅಂತ ಅವರು ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್‌ನಲ್ಲಿ ಇಡೀ ಪುಟದ ಜಾಹೀರಾತು ಹಾಕಿದ್ರು. ಮರುದಿನವೇ ಐಆರ್‌ಎಸ್ ನೋಟಿಸು: ನಿಮಗೆ ಬರೋ ದೇಣಿಗೆಗೆ ಇನ್ಮುಂದೆ ತೆರಿಗೆ ಕಡಿತ ಸಿಗೋ ಖಾತ್ರಿ ಇಲ್ಲ. ಅದು ಅಭ್ಯರ್ಥಿ ವಿಷಯವೇ ಅಲ್ಲ, ಬರೀ ಲಾಬಿ. ಸಿ-3 ಸ್ಥಾನಮಾನ ಹೋಯ್ತು, ಸದಸ್ಯರು ಮಾತ್ರ ಹೆಚ್ಚಾದ್ರು, 1968ರ ಕೊಲರಾಡೋ ನದಿ ಯೋಜನೆಯ ಕಾಯ್ದೆಯಲ್ಲಿ ಆ ಅಣೆಕಟ್ಟುಗಳು ಇರಲಿಲ್ಲ. ಹತ್ತು ವರ್ಷ ಕಳೆದು 501(ಎಚ್) ಬಂತು.

ನಿಮ್ಮ ಮಟ್ಟಕ್ಕೆ ಸಿ-4 ಅಂದ್ರೆ ಏನೇನು ಅಂತ ಹೇಳ್ತೀನಿ. ಕೊಟ್ಟವರಿಗೆ ತೆರಿಗೆ ಕಡಿತ ಇಲ್ಲ. ಇನ್ನೊಂದು ಬ್ಯಾಂಕ್ ಖಾತೆ, ಇನ್ನೊಂದು ಬೋರ್ಡು, ಇನ್ನೊಂದು 990 (ವರ್ಷವರ್ಷ ಐಆರ್‌ಎಸ್‌ಗೆ ಕೊಡೋ ಲೆಕ್ಕದ ಫಾರಂ). ಶುರುವಾದ 60 ದಿನದೊಳಗೆ 8976 ಅಂತ ಆನ್‌ಲೈನ್ ಸೂಚನೆ, 50 ಡಾಲರ್ ಶುಲ್ಕ. ತಡವಾದ್ರೆ ದಿನಕ್ಕೆ 20 ಡಾಲರ್, 5,000ದವರೆಗೆ. ಒಬ್ಬ ಸಿಬ್ಬಂದಿ ಬೆಳಿಗ್ಗೆ ಸಿ-3 ಕೆಲಸ, ಮಧ್ಯಾಹ್ನ ಸಿ-4 ಕೆಲಸ ಮಾಡಿದ್ರೆ ಗಂಟೆಗಂಟೆ ಟೈಮ್‌ಶೀಟ್. ಪ್ರಿಂಟರ್ ಶಾಯಿಗೂ ಸಿ-4 ತನ್ನ ಪಾಲು ಕೊಡಬೇಕು, ಯಾಕಂದ್ರೆ ಸಿ-3 ಹಣ ಅಭ್ಯರ್ಥಿ ಪ್ರಚಾರಕ್ಕೆ ಹರಿಯೋ ಹಾಗಿಲ್ಲ. ನಾನು ನೋಡಿದ ಒಂದು ಕಚೇರಿಯಲ್ಲಿ ಕಾಪಿ ಯಂತ್ರದ ಮೇಲೆ ಎರಡು ಬಣ್ಣದ ಪುಸ್ತಕ ಕಟ್ಟಿದ್ರು, ಯಾವ ಹಾಳೆ ಯಾರ ಲೆಕ್ಕಕ್ಕೆ ಅಂತ ಬರೆಯೋಕೆ. ಹಾಸ್ಯ ಅನ್ನಿಸಬಹುದು, ಆಡಿಟ್ ದಿನ ಆ ಪುಸ್ತಕವೇ ಕಾಪಾಡೋದು.

ಇನ್ನೊಂದು ಗುಪ್ತ ಗುಂಡಿ: ತೆರಿಗೆ ಕಾನೂನಿನ 527(ಎಫ್) ಕಲಂ. ಸಿ-4 ಅಭ್ಯರ್ಥಿ ಪ್ರಚಾರಕ್ಕೆ ಮಾಡಿದ ಖರ್ಚು, ಅದರ ಹೂಡಿಕೆ ಆದಾಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಶೇ. 21 ತೆರಿಗೆ. ಬಡ್ಡಿ ಇಲ್ಲದ ಸಂಸ್ಥೆಗೆ ಸೊನ್ನೆ, ಹಾಗಾಗಿ ನೀವು ನಿಶ್ಚಿಂತೆ.

ಅಡ್ಡಗೋಡೆ:
ದೇಣಿಗೆ ಕೊಟ್ಟವರ ಹೆಸರು ಗುಟ್ಟಾಗಿಡೋಕೆ ಅಂತಲೇ ಸಿ-4 ಮಾಡೋದು ಅಂತ ಯಾರೂ ಬಾಯಿಬಿಡ್ತಿಲ್ಲ. 2020ರಿಂದ ಐಆರ್‌ಎಸ್‌ಗೂ ಹೆಸರು ಕೊಡಬೇಕಾಗಿಲ್ಲ. ಇದಕ್ಕೆ ಗುಪ್ತಹಣ ಅನ್ನದೆ ಇನ್ನೇನು ಅನ್ನೋದು?

ಬಯಲುದಾರಿ:
ಹೆಸರು ಕೇಳೋರು ಯಾವಾಗಲೂ ಒಳ್ಳೆಯವರೇ ಆಗಿರಲ್ಲ. 1950ರ ದಶಕದಲ್ಲಿ ಅಲಬಾಮಾ ರಾಜ್ಯ, ಕಪ್ಪು ಜನರ ಹಕ್ಕುಗಳಿಗೆ ಹೋರಾಡೋ ಎನ್‌ಎಎಸಿಪಿ ಸಂಸ್ಥೆಯ ಸದಸ್ಯರ ಪಟ್ಟಿ ಕೇಳಿದ್ದು ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು. 1958ರಲ್ಲಿ ಸುಪ್ರೀಂ ಕೋರ್ಟು ಕೊಡಬೇಕಾಗಿಲ್ಲ ಅಂದಿತು. ಕೋಟಿಗಟ್ಟಲೆ ಟಿವಿ ಜಾಹೀರಾತಿಗೆ ಸುರಿಯೋನಿಗೂ ಅದೇ ರಕ್ಷಣೆ ಸಿಗಬೇಕಾ ಅನ್ನೋದು ಬೇರೆ ಪ್ರಶ್ನೆ, ಅದರಲ್ಲಿ ನಾನು ನಿಮ್ಮ ಕಡೆಗೇ. ಆದ್ರೆ ಅದನ್ನ ತೆರಿಗೆ ಇಲಾಖೆ ಕೈಗೆ ಯಾಕೆ ಕೊಡಬೇಕು? ಚುನಾವಣಾ ಹಣಕ್ಕೆ ಚುನಾವಣಾ ಕಾನೂನು ಇದೆ, ಎಫ್‌ಇಸಿ (ಫೆಡರಲ್ ಚುನಾವಣಾ ಆಯೋಗ) ಇದೆ. ತೆರಿಗೆ ಅಧಿಕಾರಿ ಭಾಷಣದ ಅರ್ಥ ಅಳೆಯೋ ಕೆಲಸಕ್ಕೆ ಕೂತ್ರೆ ಸಿನ್ಸಿನಾಟಿಯ ಕಥೆಯೇ ಆಗೋದು.

ಅಡ್ಡಗೋಡೆ:
ಎಫ್‌ಇಸಿ ಮೂರು-ಮೂರು ಮತದಲ್ಲಿ ಸಿಕ್ಕಿಹಾಕಿಕೊಳ್ಳೋ ಮನೆ. ಅಲ್ಲಿಗೆ ಕಳಿಸೋದು ಅಂದ್ರೆ ಮೂಟೆ ಕಟ್ಟಿ ಅಟ್ಟಕ್ಕೆ ಹಾಕೋದು. ನಾವಿಬ್ಬರು ಇದರಲ್ಲಿ ಒಪ್ಪೋದಿಲ್ಲ ಬಿಡಿ.

ಪುಟ್ಟಕೆರೆ:
ಮಧ್ಯೆ ಬಾಯಿ ಹಾಕ್ತೀನಿ. ನಾನೊಂದು ಸಿ-3ಯಲ್ಲಿ ನಿರ್ದೇಶಕಿ. ನನ್ನ ಮನೆ ಅಂಗಳದಲ್ಲಿ ಅಭ್ಯರ್ಥಿಯ ಪ್ರಚಾರ ಫಲಕ ನೆಡಬಹುದಾ? ನಮ್ಮ ಬೋರ್ಡಿನವರು ಅದೂ ಬೇಡ ಅಂತಾರೆ.

ಕಾನೂನುಕಣ್ಣು:
ಧಾರಾಳವಾಗಿ ನೆಡಿ. ನಿಷೇಧ ಸಂಸ್ಥೆಗೆ, ನಿಮ್ಮ ಅಂಗಳಕ್ಕಲ್ಲ. 2007-41 ರೂಲಿಂಗ್‌ನಲ್ಲಿ 21 ಸನ್ನಿವೇಶ ಇವೆ, ಬೋರ್ಡಿನ ಎಲ್ಲರಿಗೂ ಓದಿಸಿ. ಅಭ್ಯರ್ಥಿಯೇ ಹಣ ಕೊಟ್ಟ ಜಾಹೀರಾತಿನಲ್ಲಿ ಆಸ್ಪತ್ರೆ ಮುಖ್ಯಸ್ಥರ ಹೆಸರು, ಹುದ್ದೆ ಗುರುತಿಗಾಗಿ ಮಾತ್ರ ಅಂತ ಹಾಕಿದ್ದು ಸರಿ. ಆದ್ರೆ ವಿಶ್ವವಿದ್ಯಾಲಯದ ಅಧ್ಯಕ್ಷರು ಹಳೇ ವಿದ್ಯಾರ್ಥಿಗಳ ಪತ್ರಿಕೆಯ ತಮ್ಮ ಅಂಕಣದಲ್ಲಿ ಒಬ್ಬರನ್ನ ಬೆಂಬಲಿಸಿ, ಆ ಭಾಗದ ಮುದ್ರಣ ಖರ್ಚನ್ನ ಸ್ವಂತ ಜೇಬಿನಿಂದ ಕೊಟ್ಟರೂ ತಪ್ಪು. ಪತ್ರಿಕೆ ಸಂಸ್ಥೆಯದ್ದು, ಅದಕ್ಕೆ. ಅಂಗಳ ನಿಮ್ಮದು, ಸಂಸ್ಥೆಯ ಇಮೇಲ್ ನಿಮ್ಮದಲ್ಲ.

ಹೊಳೆಸಾಲು:
ಒಂದು ಸೂಕ್ಷ್ಮ ಪ್ರಶ್ನೆ. ಚುನಾವಣೆಗೆ ಸ್ವಲ್ಪ ಮುಂಚೆ ಕೌಂಟಿಯಲ್ಲಿ ಒಳಚರಂಡಿ ಕಾಯ್ದೆ ಮತಕ್ಕೆ ಬರುತ್ತೆ. "ಕಮಿಷನರ್ ಇಂಥವರಿಗೆ ಫೋನ್ ಮಾಡಿ, ಕಾಯ್ದೆ ಬೆಂಬಲಿಸೋಕೆ ಹೇಳಿ" ಅನ್ನಬಹುದಾ? ಅವರೂ ಅಭ್ಯರ್ಥಿ.

ಕಾನೂನುಕಣ್ಣು:
ಅನ್ನಬಹುದು, ಹದ ತಪ್ಪದಿದ್ರೆ. ಅದೇ ರೂಲಿಂಗ್‌ನಲ್ಲಿ ಎರಡು ಜಾಹೀರಾತುಗಳನ್ನ ಅಕ್ಕಪಕ್ಕ ಇಟ್ಟಿದ್ದಾರೆ. ಒಂದರಲ್ಲಿ ವಿಶ್ವವಿದ್ಯಾಲಯವೊಂದು ಚುನಾವಣೆ ಹತ್ತಿರವೇ ಸೆನೆಟರ್ ಹೆಸರು ಹೇಳಿ, ನಿರ್ದಿಷ್ಟ ಮಸೂದೆ ಬೆಂಬಲಿಸೋಕೆ ಕೇಳಿ ಅನ್ನುತ್ತೆ. ಮತದಾನ ಹತ್ತಿರ ಇದೆ, ಚುನಾವಣೆಯ ಸುದ್ದಿ ಇಲ್ಲ. ಅದು ಸರಿ. ಇನ್ನೊಂದರಲ್ಲಿ ಶಾಲೆಗೆ ಹಣ ಸಾಲದು ಅಂತ ಗವರ್ನರ್ ಹೆಸರು ಹೇಳುತ್ತೆ, ಸದನದ ಮುಂದೆ ಯಾವ ಮಸೂದೆಯೂ ಇಲ್ಲ, ರೇಡಿಯೋದಲ್ಲಿ ಬಂದಿದ್ದು ಚುನಾವಣೆಗೆ ಮುಂಚೆ. ಅದು ತಪ್ಪು. ಕಾಯ್ದೆಯ ಹೆಸರು ಹಾಕಿ, ಮತದ ದಿನಾಂಕ ಹಾಕಿ, ಎಲ್ಲ ಕಮಿಷನರ್‌ಗಳ ನಂಬರೂ ಹಾಕಿ. ಅವರ ಹಿಂದಿನ ಪುರಾಣ ತೆಗೀಬೇಡಿ.

ಲೆಕ್ಕಪತ್ರ:
ಆ ಖರ್ಚು ನಿಮ್ಮ 15,000ದ ಖಾನೆಗೆ ಹೋಗುತ್ತೆ, ಸದಸ್ಯರಿಗೆ ಮಾತ್ರ ಕಳಿಸಿದ್ರೆ ಲೆಕ್ಕ ಬೇರೆ. ಇನ್ನೊಂದು: ಭೂಬಳಕೆ ನಿರ್ಧರಿಸೋ ಝೋನಿಂಗ್ ಬೋರ್ಡು, ಪರಿಸರ ಇಲಾಖೆಯ ಪರವಾನಗಿ ವಿಚಾರಣೆ, ಇಂಥ ಕಡೆ ಹೋಗಿ ಮಾತಾಡೋದು ಲಾಬಿಯೇ ಅಲ್ಲ, ಅವು ಶಾಸನ ಮಾಡೋ ಸಭೆಗಳಲ್ಲ. ನಿಮ್ಮ ಕೆಲಸದಲ್ಲಿ ಬಹುಪಾಲು ಅಲ್ಲೇ ಇರಬೇಕು.

ಹೊಳೆಸಾಲು:
ಹೌದು, ಬಹುಪಾಲು ಪರವಾನಗಿ ವಿಚಾರಣೆಗಳೇ. ಬಣ್ಣದ ಚುಕ್ಕೆಯವರಿಗೆ ಈ ಎಳೆ ಕಳಿಸಿದೆ, "ಹಾಗಾದ್ರೆ ಪ್ರಶ್ನಾವಳಿ ನಾನೇ ಬರೀತೀನಿ" ಅಂತ ಉತ್ತರ ಬಂತು. ಬರೆದದ್ದನ್ನ ಇನ್ನಿಬ್ಬರು ಓದಬೇಕು ಅಂತ ಷರತ್ತು ಹಾಕಿದ್ದೀವಿ. 5768ಕ್ಕೆ ಈ ವರ್ಷದ ಗಡುವು ದಾಟಿಹೋಯ್ತಾ?

ಲೆಕ್ಕಪತ್ರ:
ಇಲ್ಲ. ತೆರಿಗೆ ವರ್ಷ ಮುಗಿಯೋದರೊಳಗೆ ಯಾವತ್ತು ಸಲ್ಲಿಸಿದ್ರೂ ಆ ವರ್ಷದ ಮೊದಲ ದಿನದಿಂದ ಅನ್ವಯ ಆಗುತ್ತೆ. ಬೇಡ ಅಂತ ವಾಪಸ್ ತಗೊಂಡ್ರೆ ಮಾತ್ರ ಮುಂದಿನ ವರ್ಷದಿಂದ. ಸಹಿ ಹಾಕೋ ಅಧಿಕಾರ ಇರೋರೇ ಹಾಕಲಿ, ಒಂದು ಪ್ರತಿ ಇಟ್ಟುಕೊಳ್ಳಿ, ಕಳಿಸಿದ್ದಕ್ಕೆ ಪುರಾವೆನೂ ಇರಲಿ.